ನಿಮ್ಮ ಹೆಸರಿನ ಚಾಕು ಮಾಡಿಕೊಡುವವರು ಯಾರು?

ಪಾತ್ರೆ ಅಂಗಡಿಯ ಗೋಡೆಗೆ ತೂಗುಹಾಕಿದ ಅಡುಗೆಮನೆ ಚಾಕುಗಳ ಮೇಲೆ ಹತ್ತಾರು ಹೆಸರುಗಳಿರುತ್ತವೆ. ಆ ಹೆಸರಿನವರಲ್ಲಿ ಎಷ್ಟೋ ಮಂದಿಗೆ ಸ್ವಂತ ಕಾರ್ಖಾನೆಯೇ ಇರುವುದಿಲ್ಲ. ಮಾಡುವವರು ಒಬ್ಬರು, ಹೆಸರು ಹಾಕಿ ಮಾರುವವರು ಮತ್ತೊಬ್ಬರು. ಪ್ರೈವೇಟ್ ಲೇಬಲ್ ಎಂಬ ಈ ಪದ್ಧತಿ ಊದುಬತ್ತಿ, ಉಪ್ಪಿನಕಾಯಿ, ಸೋಪಿನಪುಡಿ ವ್ಯಾಪಾರದಲ್ಲಿ ನಮಗೆ ಹೊಸದೇನಲ್ಲ. ಚಾಕುವಿಗೂ ಹೀಗೆ ಮಾಡಬಹುದೇ ಎಂದು ಪಟ್ಟನಾಯಕನಹಳ್ಳಿಯ ಪಾತ್ರೆ ವ್ಯಾಪಾರಿಯೋ, ಪಾವಗಡದ ಸ್ವಸಹಾಯ ಸಂಘದವರೋ, ಮಧುಗಿರಿಯಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗನೋ ಕೇಳಿದರೆ, ಧಾರಾಳವಾಗಿ ಮಾಡಬಹುದು ಎನ್ನಬೇಕು. ದೊಡ್ಡ ಬಂಡವಾಳವೂ ಬೇಡ. ಆದರೆ ಉಪ್ಪಿನಕಾಯಿ ಕೆಟ್ಟರೆ ಮುಚ್ಚಳ ತೆಗೆದ ಕೂಡಲೇ ಗೊತ್ತಾಗುತ್ತದೆ. ಚಾಕು ಕೆಟ್ಟದ್ದೆಂದು ಗೊತ್ತಾಗುವುದು ಗಿರಾಕಿಯ ಮನೆಯಲ್ಲಿ ತಿಂಗಳೆರಡು ಕಳೆದ ಮೇಲೆ. ಆಗ ಬೈಗುಳ ಬೀಳುವುದು ಅದರ ಮೇಲಿರುವ ಹೆಸರಿಗೆ, ಮಾಡಿದವನಿಗಲ್ಲ.

ಹಾಗಾಗಿ ತಯಾರಕರನ್ನು ಹುಡುಕುವವರು ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಹದವನ್ನು, ಅಂದರೆ ಅಲಗನ್ನು ಕಾಯಿಸಿ ತಣಿಸಿ ಗಟ್ಟಿ ಮಾಡಿದ ಬಗೆಯನ್ನು. ಈ ಅಲಗಿಗೆ ಹದ ಹಾಕುವವರು ಯಾರು, ಎಲ್ಲಿ, ಹೇಗೆ? ಇದಕ್ಕೆ ನೇರ ಉತ್ತರ ಕೊಡುವ ತಯಾರಕ ಸಿಕ್ಕರೆ ಉಳಿದದ್ದೆಲ್ಲ ಮಾತುಕತೆಯಲ್ಲಿ ಬಗೆಹರಿಯುತ್ತದೆ.

ಉಕ್ಕಿನ ವಿದ್ಯೆ ನಮ್ಮ ತುಮಕೂರು ಸೀಮೆಗೆ ಹೊಸದಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಟಿಪ್ಪು ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆ ಸುತ್ತಿದಾಗ ಮಧುಗಿರಿ, ಚನ್ನರಾಯನದುರ್ಗದ ಕಡೆ ಹಳ್ಳದ ಕಪ್ಪು ಮರಳನ್ನು ಕರಗಿಸಿ ಕಬ್ಬಿಣ ತೆಗೆಯುವುದನ್ನೂ ಉಕ್ಕು ಮಾಡುವುದನ್ನೂ ಕಂಡು ಬರೆದಿಟ್ಟ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿಯನ್ನೂ ಹಸಿರೆಲೆಯನ್ನೂ ಇಟ್ಟು, ಬಾಯಿ ಮುಚ್ಚಿ, ಬೆಂಕಿಗೆ ಕೊಡುವುದು ಮೈಸೂರು ಸೀಮೆಯ ಪದ್ಧತಿ. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ಇಂದು ಸ್ಟೀಲ್ ಮಾರುವವನ ಕಾಗದದಲ್ಲಿ ಇಂಗಾಲ ಶೇಕಡಾ ಎಷ್ಟು ಎಂದು ನಾವು ಹುಡುಕುವುದೂ ಅದನ್ನೇ.

ಉಕ್ಕಿನ ಹೆಸರು ಕೇಳಿ, ಹೊಳಪು ನೋಡಬೇಡಿ

ತಟ್ಟೆ, ಲೋಟ, ಸೌಟು ಮಾಡುವ 304 ಅಥವಾ 202 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಿಂದ ಒಳ್ಳೆಯ ಚಾಕು ಆಗುವುದಿಲ್ಲ. ಕಾಯಿಸಿ ತಣಿಸಿದರೂ ಅದು ಗಟ್ಟಿಯಾಗದು. ಚಾಕುವಿಗೆ ಬೇಕಾದದ್ದು 420 ಜಾತಿಯ ಸ್ಟೀಲ್. ಅಗ್ಗದ, ಮಧ್ಯಮ ಬೆಲೆಯ ಚಾಕುಗಳಲ್ಲಿ ಹೆಚ್ಚಾಗಿ ಕಾಣುವುದು 420ಜೆ2. ಅದರಲ್ಲಿ ಇಂಗಾಲ ಶೇ 0.26ರಿಂದ 0.40. ಚೆನ್ನಾಗಿ ಹದ ಹಾಕಿದರೆ ರಾಕ್‌ವೆಲ್ ಸಿ ಅಳತೆಯಲ್ಲಿ 50–53ರ ಆಸುಪಾಸಿನ ಗಡಸುತನ ಸಿಗುತ್ತದೆ. ಅದಕ್ಕಿಂತ ಮೇಲಿನದು ಜರ್ಮನರು 1.4116 ಎಂದು ಕರೆಯುವ ಸ್ಟೀಲ್. ಇಂಗಾಲ ಅರ್ಧ ಶೇಕಡಾದಷ್ಟು, ಕ್ರೋಮಿಯಂ ಶೇ 14–15, ಜೊತೆಗೆ ಸ್ವಲ್ಪ ಮಾಲಿಬ್ಡಿನಂ, ವನೇಡಿಯಂ. ಇದನ್ನು 55–57ರವರೆಗೆ ಗಟ್ಟಿ ಮಾಡಬಹುದು. ಜಪಾನಿನ ಚಾಕುಗಳು 60 ದಾಟುತ್ತವೆ, ಆದರೆ ನಮ್ಮ ಮನೆಗಳಲ್ಲಿ ಅದೇ ಚಾಕುವಿನಲ್ಲಿ ತೆಂಗಿನಕಾಯಿ ಹೋಳನ್ನು ಕರಟದಿಂದ ಎಬ್ಬಿಸುತ್ತೇವೆ, ಡಬ್ಬದ ಮುಚ್ಚಳ ಮೀಟುತ್ತೇವೆ. ಅಷ್ಟು ಗಡಸು ಅಲಗು ಅಲ್ಲಿ ಚಕ್ಕೆ ಎದ್ದುಹೋಗುತ್ತದೆ. ನನ್ನನ್ನು ಕೇಳಿದರೆ, ತುಮಕೂರು ಜಿಲ್ಲೆಯ ಅಡುಗೆಮನೆಗೆ 54–56 ಸಾಕು.

ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಅಯಸ್ಕಾಂತ ಅಂಟಿದರೆ ಅದು ಡೂಪ್ಲಿಕೇಟ್ ಸ್ಟೀಲ್ ಎಂದು ಪಾತ್ರೆ ಅಂಗಡಿಯಲ್ಲಿ ಹೇಳುತ್ತಾರಲ್ಲ, ಚಾಕುವಿನ ವಿಷಯದಲ್ಲಿ ಅದು ತಲೆಕೆಳಗು. ಹದ ಹಾಕಬಹುದಾದ ಸ್ಟೇನ್‌ಲೆಸ್ ಸ್ಟೀಲಿಗೆ ಅಯಸ್ಕಾಂತ ಅಂಟಲೇಬೇಕು. ಅಂಟದಿದ್ದರೆ ನಿಮ್ಮ ಕೈಯಲ್ಲಿರುವುದು ಚಾಕುವಿನ ಆಕಾರದ ಸೌಟು.

ಅಲಗಿನ ಮೇಲೆ ‘ಜರ್ಮನ್ ಸ್ಟೀಲ್’ ಎಂದು ಬರೆದುಬಿಟ್ಟರೆ ಜನ ಕೊಳ್ಳುತ್ತಾರೆ ಎಂದು ಕೆಲವು ತಯಾರಕರು ತಾವಾಗಿಯೇ ಸಲಹೆ ಕೊಡುತ್ತಾರೆ. ಆ ಸಲಹೆಯನ್ನು ಅಲ್ಲೇ ಬಿಟ್ಟು ಬನ್ನಿ. ಜರ್ಮನಿಯಲ್ಲಿ ಚಾಕುವಿಗೆ ಹೆಸರಾದ ಜೋಲಿಂಗನ್ ಊರಿನ ಹೆಸರನ್ನು ಚಾಕುವಿನ ಮೇಲೆ ಯಾರು ಹಾಕಬಹುದು ಎಂಬುದಕ್ಕೆ 1938ರಿಂದಲೇ ಕಾನೂನಿದೆ. ನಾವು ಸುಳ್ಳು ಹೆಸರು ಹಾಕಿಕೊಳ್ಳುವುದಕ್ಕಿಂತ ಸ್ಟೀಲಿನ ನಿಜವಾದ ದರ್ಜೆಯನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸುವುದು ಮೇಲು.

ಉಕ್ಕು ಒಳ್ಳೆಯದಿದ್ದು ಹದ ತಪ್ಪಿದರೆ ಅಷ್ಟೂ ವ್ಯರ್ಥ. 1.4116 ಬಗೆಯ ಸ್ಟೀಲನ್ನು ಸುಮಾರು 1000ದಿಂದ 1050 ಡಿಗ್ರಿಗೆ ಕಾಯಿಸಿ, ಬೇಗ ತಣಿಸಿ, ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ ಹೊತ್ತು ಕೊಟ್ಟು ಬಿರುಸು ಇಳಿಸಬೇಕು. ಈ ಎರಡನೆಯ ಹಂತವನ್ನು ಬಿಟ್ಟರೆ ಅಲಗು ಗಾಜಿನಂತೆ ಒಡೆಯುತ್ತದೆ, ಮೊದಲನೆಯದರಲ್ಲಿ ಶಾಖ ಸಾಲದೆ ಹೋದರೆ ಅಲಗು ಮಡಚಿಕೊಳ್ಳುತ್ತದೆ. ಇದೆಲ್ಲ ಸರಿಯಾಗಿ ನಡೆದ ಮೇಲೂ ಕೊನೆಯ ಸಾಣೆಯಲ್ಲಿ ಹದ ಹಾಳಾಗಬಹುದು. ನೀರು ಬೀಳದ ಬೆಲ್ಟಿನಲ್ಲಿ ಅವಸರದಿಂದ ಉಜ್ಜಿದಾಗ ತೆಳುವಾದ ಅಂಚು ಕ್ಷಣದಲ್ಲಿ ಕಾದು ನೀಲಿಗಟ್ಟುತ್ತದೆ. ಆ ನೀಲಿಯನ್ನು ಪಾಲಿಶ್ ಮಾಡಿ ಮುಚ್ಚಬಹುದು, ಹೋದ ಗಡಸುತನ ಮಾತ್ರ ಬಾರದು. ಹೊಸ ಚಾಕು ಮೊದಲ ವಾರ ಚೆನ್ನಾಗಿ ಕೊಯ್ದು ಆಮೇಲೆ ಮೊಂಡಾದರೆ ಅನುಮಾನಿಸಬೇಕಾದದ್ದು ಈ ಹಂತವನ್ನು.

ಎಲ್ಲಿ ಹುಡುಕುವುದು?

ಶಿರಾ ಸೀಮೆಯವರಿಗೆ ಒಂದು ಅನುಕೂಲವಿದೆ, ರಾಷ್ಟ್ರೀಯ ಹೆದ್ದಾರಿ 48. ಬಸ್ಸು ಹತ್ತಿದರೆ ತುಮಕೂರು ದಾಟಿ, ನೆಲಮಂಗಲ ದಾಟಿ, ಬೆಂಗಳೂರು ಮುಟ್ಟುವ ಮೊದಲೇ ಪೀಣ್ಯ ಕೈಗಾರಿಕಾ ಪ್ರದೇಶ. ಲೇಸರ್ ಕಟಿಂಗ್, ವ್ಯಾಕ್ಯೂಮ್ ಹಾರ್ಡನಿಂಗ್, ಗ್ರೈಂಡಿಂಗ್, ಪ್ಲಾಸ್ಟಿಕ್ ಮೋಲ್ಡಿಂಗ್ ಎಲ್ಲವೂ ಅಲ್ಲಿ ಜಾಬ್ ವರ್ಕ್ ಆಗಿ ಸಿಗುತ್ತವೆ. ಚಾಕುವನ್ನೇ ಮಾಡುವ ಕಾರ್ಖಾನೆ ಹುಡುಕುತ್ತ ಪೀಣ್ಯಕ್ಕೆ ಹೋದರೆ ಅಲೆದಾಟವೇ ಹೆಚ್ಚು. ಕೆಲಸವನ್ನು ತುಂಡು ಮಾಡಿಕೊಂಡು ಹೋಗಬೇಕು. ನೀವು ಸ್ಟೀಲ್ ಶೀಟ್ ಕೊಂಡು ಒಬ್ಬರಲ್ಲಿ ಆಕಾರ ಕತ್ತರಿಸಿ, ಇನ್ನೊಬ್ಬರಲ್ಲಿ ಹದ ಹಾಕಿಸಿ, ಮತ್ತೊಬ್ಬರಲ್ಲಿ ಸಾಣೆ ಹಿಡಿಸುವ ದಾರಿ ಇದು. ಹಾರ್ಡನಿಂಗ್‌ನವರು ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ ದರ ಹಿಡಿಯುತ್ತಾರೆ, ಜೊತೆಗೆ ಒಂದು ಕನಿಷ್ಠ ಮೊತ್ತ ಇರುತ್ತದೆ. ಐವತ್ತು ಅಲಗು ಒಯ್ದರೂ ಇನ್ನೂರು ಒಯ್ದರೂ ಬಿಲ್ ಒಂದೇ ಆಗಬಹುದು. ಸ್ಟೀಲ್ ನಿಮ್ಮದಾಗಿದ್ದು ಜಾಬ್ ವರ್ಕಿಗೆ ಕೊಡುವಾಗ ಡೆಲಿವರಿ ಚಲನ್ ಮೇಲೆ ಕಳಿಸಿ. ಜಿಎಸ್‌ಟಿ ಕಾನೂನಿನ ಪ್ರಕಾರ ಅದು ಒಂದು ವರ್ಷದೊಳಗೆ ಹಿಂತಿರುಗಬೇಕು.

ಪೀಣ್ಯದ ದಾರಿಯಲ್ಲಿ ಕಷ್ಟದ ಜಾಗ ಒಂದೇ: ಅಲಗಿನ ಇಳಿಜಾರು. ಬೆನ್ನಿನಲ್ಲಿ ಎರಡು ಮಿಲಿಮೀಟರ್ ದಪ್ಪವಿರುವ ಪಟ್ಟಿಯನ್ನು ಅಂಚಿನವರೆಗೆ ಎರಡೂ ಬದಿ ಸಮನಾಗಿ ತೆಳುವಾಗಿಸುವುದು ಯಂತ್ರದ ಬಿಡಿಭಾಗಕ್ಕೆ ಸಪಾಟಾಗಿ ಗ್ರೈಂಡ್ ಮಾಡುವ ಕೆಲಸದಂತಲ್ಲ. ಆ ಕೈ ಇರುವವರು ಕಡಿಮೆ. ಅಂಥವರು ಸಿಕ್ಕಿದ ಮೇಲೆಯೇ ಶೀಟ್ ಕೊಳ್ಳಿ. ಇದೇ ಹೆದ್ದಾರಿಯ ಬದಿಯಲ್ಲಿ, 1962ರಲ್ಲಿ ಶುರುವಾದ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಇದೆ, ರಾಜಾಜಿನಗರದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇದೆ. ಅಳತೆ, ಪರೀಕ್ಷೆ, ಡೈ ಕೆಲಸದ ವಿಚಾರಕ್ಕೆ ಇಂಥ ಸಂಸ್ಥೆಗಳ ಬಾಗಿಲು ತಟ್ಟಲು ಹಳ್ಳಿಯವರು ಸುಮ್ಮನೆ ಹಿಂಜರಿಯುತ್ತಾರೆ. ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾದಲ್ಲಿ, ಪೀಣ್ಯ ಕೈಗಾರಿಕಾ ಸಂಘದಲ್ಲಿ ವಿಚಾರಿಸಿದರೆ ಯಾವ ಶೆಡ್ಡಿನಲ್ಲಿ ಯಾವ ಕೆಲಸ ಆಗುತ್ತದೆ ಎಂಬುದು ತಿಳಿಯುತ್ತದೆ.

ಎಲ್ಲವೂ ಒಂದೇ ಕಡೆ ಮುಗಿಯಬೇಕು, ಪೆಟ್ಟಿಗೆಯ ಸಮೇತ ಬರಬೇಕು ಎನ್ನುವವರಿಗೆ ಗುಜರಾತಿನ ರಾಜಕೋಟ್ ಸರಿ. ಅಡುಗೆಮನೆ ಚಾಕು, ಪೀಲರ್, ತುರಿಯುವ ಮಣೆ ಮಾಡುವ ಸಣ್ಣ ದೊಡ್ಡ ಘಟಕಗಳು ಅಲ್ಲಿ ಸಾಕಷ್ಟಿವೆ, ಬೇರೆಯವರ ಹೆಸರು ಹಾಕಿಕೊಡುವುದು ಅವರಿಗೆ ದಿನನಿತ್ಯದ ಕೆಲಸ. ಮೀರತ್ ಕತ್ತರಿಗೆ, ಜಲಂಧರ್ ಕೈ ಉಪಕರಣಗಳಿಗೆ ಹೆಸರಾದ ಊರುಗಳು, ನಮ್ಮ ಕೆಲಸಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಚೀನಾದ ಯಾಂಗ್‌ಜಿಯಾಂಗ್ ಜಗತ್ತಿನ ಚಾಕು ಪೇಟೆಗಳಲ್ಲಿ ದೊಡ್ಡದು. ಆದರೆ ಆಮದು ಸಂಖ್ಯೆ, ಸುಂಕ, ಬಂದರಿನ ಖರ್ಚು, ಸರಕು ಕೆಟ್ಟಿದ್ದರೆ ಹಿಂದಕ್ಕೆ ಕಳಿಸಲಾಗದ ಸಂಕಟ ಇವೆಲ್ಲ ಸೇರಿದರೆ ಮೊದಲ ಆರ್ಡರಿಗೆ ಅದು ಹೇಳಿ ಮಾಡಿಸಿದ್ದಲ್ಲ. ಮುಂಬೈಯಲ್ಲಿ ನಡೆಯುವ ಎಚ್‌ಜಿಎಚ್ ಇಂಡಿಯಾ ಮೇಳದಂಥ ಕಡೆ ಹೋದರೆ ಹಲವು ತಯಾರಕರು ಒಂದೇ ಸೂರಿನಡಿ ಸಿಗುತ್ತಾರೆ.

ಅಂತರ್ಜಾಲದ ವ್ಯಾಪಾರಿ ಪಟ್ಟಿಗಳಲ್ಲಿ ‘ತಯಾರಕರು’ ಎಂದು ಬರೆದುಕೊಂಡವರಲ್ಲಿ ಮಧ್ಯವರ್ತಿಗಳೂ ಇರುತ್ತಾರೆ. ಮಧ್ಯವರ್ತಿ ಎಂದರೆ ಮೋಸಗಾರ ಎಂದಲ್ಲ, ಆದರೆ ಹದ ಕೆಟ್ಟಾಗ ಸರಿಪಡಿಸುವ ಕುಲುಮೆ ಅವನಲ್ಲಿಲ್ಲ. ಪತ್ತೆ ಹಚ್ಚುವುದು ಸುಲಭ. ಅವರ ಜಿಎಸ್‌ಟಿ ಸಂಖ್ಯೆ ಕೇಳಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. ವ್ಯವಹಾರದ ಸ್ವರೂಪ ಎಂಬಲ್ಲಿ ಕಾರ್ಖಾನೆ, ತಯಾರಿಕೆ ಎಂದಿದೆಯೋ ಬರೀ ಸಗಟು, ಚಿಲ್ಲರೆ ಎಂದಿದೆಯೋ ಕಾಣುತ್ತದೆ. ಆಮೇಲೆ ಫೋನಿನಲ್ಲಿ ಕೇಳಿ: “ಹಾರ್ಡನಿಂಗ್ ನಿಮ್ಮಲ್ಲೇ ಮಾಡ್ತೀರಾ ಸಾರ್, ಹೊರಗೆ ಕೊಡ್ತೀರಾ?” ಹೊರಗೆ ಕೊಟ್ಟರೂ ತಪ್ಪಿಲ್ಲ, ಬಹಳ ಜನ ಹಾಗೇ ಮಾಡುತ್ತಾರೆ. ಯಾರಿಗೆ ಕೊಡುತ್ತಾರೆ, ಗಡಸುತನದ ರಿಪೋರ್ಟ್ ಬರುತ್ತದೆಯೇ ಎಂಬುದಕ್ಕೆ ತಡವರಿಸದೆ ಉತ್ತರ ಬಂದರೆ ಮುಂದಕ್ಕೆ ಮಾತನಾಡಿ. “ಕ್ವಾಲಿಟಿ ಬಗ್ಗೆ ಚಿಂತೇನೇ ಬೇಡ” ಎಂಬ ಉತ್ತರ ಬಂದರೆ ಚಿಂತೆ ಮಾಡಿ.

ಊರಿನ ಕುಲುಮೆಯೂ ಒಂದು ಕಾರ್ಖಾನೆಯೇ

ನಮ್ಮ ಊರುಗಳಲ್ಲಿ ಮಚ್ಚು, ಕುಡುಗೋಲು, ಈಳಿಗೆ ಮಣೆ ಮಾಡುವ ಕಮ್ಮಾರರು ಇನ್ನೂ ಇದ್ದಾರೆ. ಹಳೆಯ ಲಾರಿಯ ಕಮಾನು ಪಟ್ಟಿ ಅವರ ಕಚ್ಚಾಮಾಲು. ಅದು ಇಂಗಾಲ ಹೆಚ್ಚಿರುವ ಸ್ಪ್ರಿಂಗ್ ಸ್ಟೀಲ್, ಹದ ಬಿದ್ದರೆ ಪೇಟೆಯ ಎಷ್ಟೋ ಸ್ಟೇನ್‌ಲೆಸ್ ಚಾಕುಗಳಿಗಿಂತ ಹರಿತ ನಿಲ್ಲುತ್ತದೆ. ಅವರು ಹದ ಹಾಕುವುದನ್ನು ಹತ್ತಿರ ನಿಂತು ನೋಡಬೇಕು. ಬಡಿದು ರೂಪಕ್ಕೆ ತಂದ ಅಲಗನ್ನು ಕೆಂಪಗೆ ಕಾಯಿಸಿ, ಬಾಯಿಯ ಕಡೆಯನ್ನಷ್ಟೇ ನೀರಿಗೋ ಎಣ್ಣೆಗೋ ಅದ್ದಿ ತೆಗೆಯುತ್ತಾರೆ. ಬೆನ್ನಿನಲ್ಲಿ ಶಾಖ ಇನ್ನೂ ಉಳಿದಿರುತ್ತದೆ. ಕಲ್ಲಿನ ಚೂರಿನಿಂದ ಅಂಚನ್ನು ಕೆರೆದು ಬೆಳ್ಳಗೆ ಮಾಡಿ ಹಾಗೇ ನೋಡುತ್ತಾರೆ. ಬೆನ್ನಿನ ಕಾವು ಇಳಿದು ಬರುತ್ತಿದ್ದಂತೆ ಆ ಬಿಳುಪಿನ ಮೇಲೆ ಒಣಹುಲ್ಲಿನ ಹಳದಿ ಹರಡುತ್ತದೆ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ತರಕಾರಿ ಚಾಕುವಿಗೆ ಹಳದಿಯಲ್ಲೇ ಮತ್ತೆ ಅದ್ದಿ ತಡೆಯಬೇಕು, ನೀಲಿಗೆ ಹೋದರೆ ಅದು ಮತ್ತೆ ಸ್ಪ್ರಿಂಗ್. ಹುಲ್ಲಿನ ಬಣ್ಣವೆಂದರೆ ಸುಮಾರು 220–230 ಡಿಗ್ರಿ. ಮೀಟರಿಲ್ಲದೆ ಕಣ್ಣಳತೆಯಲ್ಲೇ ಅದನ್ನು ಹಿಡಿಯುತ್ತಾರೆ.

ಇಂಥ ಚಾಕು ಸಾವಿರಗಟ್ಟಲೆ ಆಗುವುದಿಲ್ಲ, ಎರಡು ಚಾಕು ಒಂದೇ ಥರ ಇರುವುದಿಲ್ಲ, ಒರೆಸದೆ ಇಟ್ಟರೆ ಬೆಳಗಾಗುವುದರೊಳಗೆ ತುಕ್ಕು. ಸೂಪರ್ ಮಾರ್ಕೆಟ್ಟಿಗೆ ಇದು ಒಗ್ಗದು. ಆದರೆ ಬೆಂಗಳೂರಿನಲ್ಲಿ ಕೈಯಿಂದ ಮಾಡಿದ ಚಾಕುವಿಗೆ ದುಪ್ಪಟ್ಟು ಕೊಡುವ ಗಿರಾಕಿಗಳಿದ್ದಾರೆ. ತಿಂಗಳಿಗೆ ಇಪ್ಪತ್ತೈದೋ ಮೂವತ್ತೋ ಚಾಕು, ಹಿಡಿಗೆ ಹುಣಸೆ ಇಲ್ಲವೇ ತೇಗ, ಜೊತೆಗೆ ‘ಒರೆಸಿ, ಎಣ್ಣೆ ಸವರಿ ಇಡಿ’ ಎಂಬ ಚೀಟಿ. ಕಮ್ಮಾರರು ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ ವಿಚಾರಿಸಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಆ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ಉಪಕರಣಕ್ಕೆ 15,000 ರೂಪಾಯಿ ನೆರವು, ಮೊದಲ ಕಂತಿನಲ್ಲಿ 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಶೇ 5ರ ಬಡ್ಡಿಯಲ್ಲಿ ಸಾಲ. ಒಂದು ಮಾತು: ಅವರ ಕೆಲಸಕ್ಕೆ ನಿಮ್ಮ ಹೆಸರು ಹಾಕುವಾಗ ಮಾಡಿದವರ ಹೆಸರನ್ನೂ ಪೆಟ್ಟಿಗೆಯ ಮೇಲೆ ಹಾಕಿ. ಕಾನೂನು ಕೇಳುವುದೂ ಅದನ್ನೇ.

ಸ್ಯಾಂಪಲ್ ಬಂದಾಗ

ದುಡ್ಡು ಕೊಟ್ಟೇ ಸ್ಯಾಂಪಲ್ ತರಿಸಿ. ಪುಕ್ಕಟೆ ಬರುವ ಒಂದು ಚಾಕುವನ್ನು ತಯಾರಕರು ಆರಿಸಿ ಕಳಿಸಿರುತ್ತಾರೆ, ಹನ್ನೆರಡು ತರಿಸಿದರೆ ನಿಜ ಗೊತ್ತಾಗುತ್ತದೆ. ಬೆನ್ನಿನುದ್ದಕ್ಕೆ ಒಂದು ಕಣ್ಣು ಮುಚ್ಚಿ ನೋಡಿ, ಸೊಟ್ಟಗಿದ್ದರೆ ಕಾಣುತ್ತದೆ. ಹಿಡಿಯೂ ಅಲಗೂ ಸೇರುವಲ್ಲಿ ಉಗುರು ಆಡಿಸಿ, ಸಂದಿದ್ದರೆ ಅಲ್ಲಿ ನೀರು ನಿಂತು ಕೊಳೆಯುತ್ತದೆ. ಹೊಸ ಅರವನ್ನು ಅಂಚಿನ ಬಳಿ ಮೆಲ್ಲಗೆ ಎಳೆಯಿರಿ: ಜಾರಿದರೆ ಹದವಿದೆ, ಕಚ್ಚಿ ಪುಡಿ ಎದ್ದರೆ ಮೆದು. ನಿಂಬೆರಸಕ್ಕೆ ಉಪ್ಪು ಕಲಸಿ ಅಲಗಿಗೆ ಬಳಿದು ಒಂದು ರಾತ್ರಿ ಬಿಡಿ. ಲೇಸರಿನಿಂದ ಹೆಸರು ಬರೆದ ಜಾಗವನ್ನು ವಿಶೇಷವಾಗಿ ನೋಡಿ. ಲೇಸರಿನ ಕಾವಿಗೆ ಅಲ್ಲಿಯ ತುಕ್ಕು ತಡೆಯುವ ಗುಣ ಕುಗ್ಗಬಹುದು, ಮೊದಲ ಚುಕ್ಕೆ ನಿಮ್ಮ ಹೆಸರಿನ ಮೇಲೇ ಏಳಬಹುದು.

ಇದೆಲ್ಲಕ್ಕಿಂತ ದೊಡ್ಡ ಪರೀಕ್ಷೆ ಮದುವೆ ಅಡುಗೆಯವರದು. ಎರಡು ಚಾಕು ಕೊಟ್ಟು, ಒಂದು ಲಗ್ನದ ಸೀಸನ್ ಮುಗಿಯುವವರೆಗೆ ಬಳಸಿ ಹೇಳಿ ಎನ್ನಿ. ಮೂಟೆಗಟ್ಟಲೆ ಈರುಳ್ಳಿ, ಹುರುಳಿಕಾಯಿ, ಕುಂಬಳಕಾಯಿ ಹೆಚ್ಚುವ ಅವರ ಕೈ ಪ್ರಯೋಗಾಲಯಕ್ಕೆ ಕಡಿಮೆಯಲ್ಲ. ಹರಿತ ಎಷ್ಟು ಕಾಲ ನಿಲ್ಲುತ್ತದೆ ಎಂದು ಅಳೆಯಲು ಐಎಸ್‌ಒ 8442-5 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ರಫ್ತಿನ ಮಾತು ಬಂದಾಗ ಅದು ಬೇಕಾದೀತು. ಅಲ್ಲಿಯವರೆಗೆ ಅಡುಗೆಯವರ ಬೈಗುಳ ಸಾಕು.

ಒಪ್ಪಿಗೆಯಾದ ಸ್ಯಾಂಪಲ್‌ಗಳಲ್ಲಿ ಎರಡರ ಮೇಲೆ ಎರಡೂ ಕಡೆಯವರು ಸಹಿ ಹಾಕಿ, ಒಂದನ್ನು ನೀವು ಇಟ್ಟುಕೊಳ್ಳಿ, ಒಂದು ಅವರಲ್ಲಿರಲಿ. ಮುಂದೆ ಜಗಳ ಬಂದರೆ ಅದೇ ಸಾಕ್ಷಿ. ಪರ್ಚೇಸ್ ಆರ್ಡರಿನಲ್ಲಿ ಸ್ಟೀಲಿನ ದರ್ಜೆ, ಗಡಸುತನ ಇಷ್ಟರಿಂದ ಇಷ್ಟು, ಬೆನ್ನಿನ ದಪ್ಪ, ಹಿಡಿಯ ವಸ್ತು, ನೂರಕ್ಕೆ ಎಷ್ಟು ರಿಜೆಕ್ಷನ್ ಒಪ್ಪುತ್ತೀರಿ, ಕೆಟ್ಟವನ್ನು ಯಾರ ಖರ್ಚಿನಲ್ಲಿ ಹಿಂದಕ್ಕೆ ಕಳಿಸುವುದು ಇಷ್ಟೂ ಇರಲಿ. ಹಿಡಿಯ ಅಚ್ಚಿಗೆ ನೀವು ಹಣ ಕೊಟ್ಟಿದ್ದರೆ ಡೈ ಯಾರದು ಎಂದು ಬರೆಸಿ. ಬರೆಸದಿದ್ದರೆ ನಿಮ್ಮದೇ ವಿನ್ಯಾಸ ಇನ್ನೊಂದು ಹೆಸರಿನಲ್ಲಿ ಪಕ್ಕದ ಅಂಗಡಿಗೆ ಬಂದಾಗ ಕೇಳಲು ಬಾಯಿರುವುದಿಲ್ಲ. ಅಡ್ವಾನ್ಸ್ ಪೂರ್ತಿ ಕೊಡಬೇಡಿ, ಬಾಕಿಯನ್ನು ಸರಕು ನೋಡಿದ ಮೇಲೆ ಕೊಡುವಂತೆ ಮಾತಾಡಿ.

ಲೆಕ್ಕ ಮತ್ತು ಕಾಗದ

ಲೆಕ್ಕ ಹೀಗೆ ಇಟ್ಟುಕೊಳ್ಳಿ. ಚಾಕು 90 ರೂಪಾಯಿಗೆ ಬಂತು, ಹೆಸರು ಬರೆಸಲು 3, ಪೆಟ್ಟಿಗೆ 14, ಸಾಗಣೆ 5, ಒಟ್ಟು 112. ನೂರರಲ್ಲಿ ನಾಲ್ಕು ಕೆಟ್ಟರೆ ಉಳಿದವುಗಳ ಬೆಲೆ ತಲಾ 117ಕ್ಕೆ ಏರಿತು. ಎಂಆರ್‌ಪಿ 299 ಹಾಕಿ ಅಂಗಡಿಯವರಿಗೆ ತೆರಿಗೆ ಸೇರಿ 199ಕ್ಕೆ ಕೊಟ್ಟರೆ, ತೆರಿಗೆ ಶೇ 18 ಎಂದು ಹಿಡಿದಾಗ ನಿಮ್ಮ ಕೈಗೆ ಬರುವುದು 169. ಉಳಿದದ್ದು 52 ರೂಪಾಯಿ. ಓಡಾಟ, ಬಡ್ಡಿ, ಬದಲಿಸಿ ಕೊಡಬೇಕಾದ ಚಾಕು ಎಲ್ಲವೂ ಅದರಲ್ಲೇ ಆಗಬೇಕು. ಸಾಲ ತಂದು ಐದು ಸಾವಿರ ಚಾಕು ಇಳಿಸಿಕೊಂಡರೆ ಆ 52ನ್ನು ಬಡ್ಡಿಯೇ ತಿನ್ನುತ್ತದೆ. ಚಾಕುವಿನ ಮೇಲಿನ ಜಿಎಸ್‌ಟಿ 2022ರ ಜುಲೈ 18ರಂದು ಶೇ 12ರಿಂದ 18ಕ್ಕೆ ಏರಿತ್ತು. 2025ರ ಸೆಪ್ಟೆಂಬರಿನಲ್ಲಿ ದರಗಳ ಪಟ್ಟಿ ಮತ್ತೆ ಪರಿಷ್ಕರಣೆಯಾಗಿರುವುದರಿಂದ 8211 ಎಂಬ ಎಚ್‌ಎಸ್‌ಎನ್ ಸಂಖ್ಯೆ ಹೇಳಿ ನಿಮ್ಮ ಆಡಿಟರ್ ಹತ್ತಿರ ಈಗಿನ ದರ ಖಚಿತ ಮಾಡಿಕೊಳ್ಳಿ.

ಹೆಸರನ್ನು ಮೊದಲು ಟ್ರೇಡ್‌ಮಾರ್ಕ್ ಮಾಡಿಸಿ. ಚಾಕು ಬರುವುದು 8ನೇ ವರ್ಗದಲ್ಲಿ. ವ್ಯಕ್ತಿಗಳಿಗೆ, ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ 4,500 ರೂಪಾಯಿ, ನೋಂದಣಿ 10 ವರ್ಷಕ್ಕೆ. ಸಣ್ಣ ಉದ್ಯಮದ ರಿಯಾಯಿತಿಗೆ ಬೇಕಾದ ಉದ್ಯಮ್ ನೋಂದಣಿ ಪುಕ್ಕಟೆ, ಅದಕ್ಕೆ ಏಜೆಂಟರಿಗೆ ದುಡ್ಡು ಕೊಡಬೇಡಿ. ಪೆಟ್ಟಿಗೆಯ ಮೇಲೆ ಏನೇನಿರಬೇಕೆಂದು 2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ನಿಯಮಗಳು ಹೇಳುತ್ತವೆ: ತಯಾರಕರ, ಪ್ಯಾಕ್ ಮಾಡಿದವರ ಹೆಸರು ವಿಳಾಸ, ವಸ್ತುವಿನ ಹೆಸರು, ಸಂಖ್ಯೆ, ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರು ಹೇಳಲು ಫೋನ್. ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು ಕಡ್ಡಾಯವಾಗುವ ವಸ್ತುಗಳ ಪಟ್ಟಿ ಬೆಳೆಯುತ್ತಲೇ ಇದೆ. ಅಚ್ಚಿಗೆ ಕೊಡುವ ಮುಂಚೆ ಪೀಣ್ಯದಲ್ಲೇ ಇರುವ ಬಿಐಎಸ್ ಕಚೇರಿಯಲ್ಲಿ ಕೇಳಿಬಿಡಿ. ಶಸ್ತ್ರ ನಿಯಮದ ಭಯ ಅಡುಗೆ ಚಾಕುವಿಗಿಲ್ಲ. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗುಗಳ ಮೇಲೆ ಕಣ್ಣಿದ್ದರೂ ಮನೆಬಳಕೆ, ಕೃಷಿ ಬಳಕೆಯ ಚಾಕುಗಳನ್ನು ಆ ನಿಯಮ ಹೊರಗಿಟ್ಟಿದೆ. ಹಾಗೆಂದು ಅಡುಗೆ ಚಾಕುವಿಗೆ ಕಠಾರಿಯ ವೇಷ ಹಾಕಿಸಬೇಡಿ.

ವ್ಯಾಪಾರ ಕೈಹತ್ತಿ, ಸಾಣೆ ಹಿಡಿಯುವುದನ್ನೂ ಹಿಡಿ ಕೂರಿಸುವುದನ್ನೂ ಊರಿನಲ್ಲೇ ಮಾಡುವ ಮನಸ್ಸಾದರೆ ಕೇಂದ್ರ ಸರ್ಕಾರದ ಸಹಾಯಧನ ಯೋಜನೆ ಪಿಎಂಇಜಿಪಿ ಇದೆ. ತಯಾರಿಕಾ ಘಟಕಕ್ಕೆ 50 ಲಕ್ಷ ರೂಪಾಯಿವರೆಗಿನ ಯೋಜನೆ, ಗ್ರಾಮಾಂತರದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗಕ್ಕೆ ಶೇ 35 ಸಹಾಯಧನ. ವಿಚಾರಿಸಬೇಕಾದದ್ದು ತುಮಕೂರಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ. ಆ ಅರ್ಜಿ ಬರೆಯುವ ಮೊದಲು ಇನ್ನೂರು ಚಾಕು ಮಾರಿ ನೋಡಿ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಒಂದೊಂದು ಪಾತ್ರೆ ಅಂಗಡಿಗೆ ಐವತ್ತರಂತೆ ಕೊಟ್ಟು, ಆರು ತಿಂಗಳಲ್ಲಿ ಎಷ್ಟು ಹಿಂದಕ್ಕೆ ಬಂದವು ಎಂದು ಬರೆದಿಡಿ. ಅಷ್ಟರೊಳಗೆ ಎಂಟಕ್ಕಿಂತ ಹೆಚ್ಚು ವಾಪಸ್ ಬಂದಿದ್ದರೆ ಹೆಸರು ಬದಲಿಸಬೇಡಿ, ತಯಾರಕರನ್ನು ಬದಲಿಸಿ.